ತಿದ್ದುವವರು ಯಾರು: ದೂರದಿಂದ ಕಲಿತ ಚಿತ್ರವಿದ್ಯೆಯ ಒಂದು ಶತಮಾನ

ಸೆಕೆಂಡ್ ಪಿಯುಸಿ ಮುಗಿಸಿದ ಹುಡುಗನೋ ಹುಡುಗಿಯೋ ಮೂಡಿಗೆರೆ ಸೀಮೆಯ ಗೋಣಿಬೀಡಿನ ಮನೆಯಲ್ಲಿ ಕೂತು, ಮೊಬೈಲಿಗೆ ಬಂದ ಆನ್‌ಲೈನ್ ಅನಿಮೇಷನ್ ಶಾಲೆಯ ಜಾಹೀರಾತನ್ನು ಅಪ್ಪ ಅಮ್ಮನಿಗೆ ತೋರಿಸಿದರೆ ಎರಡು ಮಾತು ಬರುವುದು ಖಂಡಿತ. ಬೆಂಗಳೂರಿಗೆ ಹೋಗದೆ ಇಂಥದ್ದೆಲ್ಲ ಕಲಿಯೋಕಾಗುತ್ತಾ ಅನ್ನುವುದು ಒಂದು. ಈಗ ಎಲ್ಲ ಆನ್‌ಲೈನೇ ಅಲ್ವಾ ಅನ್ನುವುದು ಇನ್ನೊಂದು. ಅನುಮಾನ ಪಡುವವರೂ ಭರವಸೆ ಇಡುವವರೂ ಇದು ನಿನ್ನೆ ಮೊನ್ನೆ ಹುಟ್ಟಿದ ಪ್ರಶ್ನೆ ಎಂದೇ ತಿಳಿದಿರುತ್ತಾರೆ. ಆದರೆ ಚಿತ್ರವಿದ್ಯೆಯನ್ನು ದೂರದಿಂದ ಕಲಿಸುವ, ಕಲಿಸುತ್ತೇವೆಂದು ಹೇಳಿ ಮಾರುವ ವ್ಯವಹಾರಕ್ಕೆ ನೂರು ವರ್ಷ ದಾಟಿದೆ. ಅಂಚೆ, ಫಿಲ್ಮು, ಸಿ.ಡಿ., ಫ್ರಾಂಚೈಸಿ ಕೇಂದ್ರ, ಈಗ ಇಂಟರ್ನೆಟ್ಟು ಎಂದು ದಾರಿ ಬದಲಾಗುತ್ತಾ ಬಂದಿದೆ. ಈ ಚರಿತ್ರೆಯನ್ನು ಸ್ವಲ್ಪ ನಿಧಾನವಾಗಿ ನೋಡಿದರೆ ಪಾಠ ಯಾವ ದಾರಿಯಲ್ಲಿ ಬಂತು ಎಂಬುದರಿಂದ ವಿದ್ಯೆಯ ಹಣೆಬರಹ ನಿರ್ಧಾರವಾಗಿಲ್ಲ ಎಂಬುದು ಗೊತ್ತಾಗುತ್ತದೆ. ಕಲಿಯುವವನು ಮಾಡಿದ ಕೆಲಸ ಬಲ್ಲವರ ಕೈ ಸೇರಿ, ಅಲ್ಲಿ ತಿದ್ದಿಸಿಕೊಂಡು, ಮರಳಿ ಅವನಿಗೆ ತಲುಪಿತೇ ಎಂಬುದರಿಂದ ನಿರ್ಧಾರವಾಗಿದೆ. ಪಾಠ ಯಾವತ್ತೂ ಅಗ್ಗ, ತಿದ್ದುವುದು ದುಬಾರಿ. ದೂರಶಿಕ್ಷಣದ ಹೆಚ್ಚಿನ ಮೋಸಗಳು ಅಗ್ಗದ್ದನ್ನು ಕೊಟ್ಟು ದುಬಾರಿಯದರ ಬೆಲೆ ವಸೂಲು ಮಾಡಿದ್ದರಿಂದ ಆದಂಥವು.

ಗೋಣಿಬೀಡು ಸೀಮೆಗೆ ದೂರದ ವಿದ್ಯೆ ಹೊಸದಲ್ಲ. ಕಾಫಿ ಬೆಳೆಯ ವಿಜ್ಞಾನವೇ ಇಲ್ಲಿಗೆ ಹೊರಗಿನಿಂದ ಬಂದದ್ದು. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಮೈಸೂರು ಸರ್ಕಾರ ಕಾಫಿ ಪ್ರಯೋಗ ಕೇಂದ್ರ ತೆರೆಯಿತು. ಅದರ ಹಿಂದೆ ಇದ್ದವರು ಕೆನಡಾದಿಂದ ಬಂದು ಮೈಸೂರಿನ ಕೃಷಿ ಇಲಾಖೆಯನ್ನು ಕಟ್ಟಿದ ಲೆಸ್ಲಿ ಕೋಲ್ಮನ್. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಮಲೆನಾಡಿಗೆ ರೂಢಿ ಮಾಡಿಸಿದವರೂ ಅವರೇ. ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ 1880ರ ದಶಕದಲ್ಲಿ ಹುಟ್ಟಿದ ಈ ಔಷಧಿ ಕಾಗದದ ಮೇಲಿನ ಲೆಕ್ಕವಾಗಿ ಊರೂರಿಗೆ ತಲುಪಿತು, ಮತ್ತು ಕಾಗದದಿಂದಲೇ ಬಹುಮಟ್ಟಿಗೆ ಕಲಿಯಲು ಬಂತು. ಅದಕ್ಕೆ ಕಾರಣವಿದೆ. ಮೈಲುತುತ್ತದ ನೀರಿಗೆ ಸುಣ್ಣದ ನೀರು ಬೆರೆಸಿದ ಮೇಲೆ, ಹೊಳೆಯುವಂತೆ ಉಜ್ಜಿದ ಕತ್ತಿಯ ಅಲಗನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯಬೇಕು. ಅಲಗಿಗೆ ಕೆಂಪಗೆ ತಾಮ್ರ ಹತ್ತಿದ್ದರೆ ಸುಣ್ಣ ಸಾಲದು ಎಂದರ್ಥ. ಹಾಗೇ ಹೊಡೆದರೆ ಎಲೆ ಸುಡುತ್ತದೆ. ತಾಮ್ರ ಹತ್ತದಷ್ಟು ಸುಣ್ಣ ಸೇರಿಸಿದರೆ ಸರಿ. ಅಂದರೆ ತಪ್ಪನ್ನು ತೋರಿಸುವ ಪರೀಕ್ಷೆಯೂ ಪಾಠದೊಳಗೇ ಇದೆ, ನೋಡಿ ಹೇಳಲು ಬಾಳೆಹೊನ್ನೂರಿನಿಂದ ಯಾರೂ ಬರಬೇಕಿಲ್ಲ. ಮರಗಸಿಯ ವಿಷಯ ಹಾಗಲ್ಲ. ನೆರಳಿನ ಮರದ ಯಾವ ಕೊಂಬೆ ಕಡಿಯಬೇಕು, ಎಷ್ಟು ಬೆಳಕು ಬಿಡಬೇಕು ಎಂಬುದಕ್ಕೆ ಅದ್ದಿ ನೋಡುವ ಕತ್ತಿ ಇಲ್ಲ. ತಪ್ಪಾದರೆ ಗೊತ್ತಾಗುವುದು ಮುಂದಿನ ವರ್ಷ, ಗಿಡ ಬಿಸಿಲಿಗೆ ಬಾಡಿದಾಗಲೋ ಫಸಲು ಇಳಿದಾಗಲೋ. ಆದ್ದರಿಂದ ಮೇಸ್ತ್ರಿ ಮರದ ಬುಡದಲ್ಲಿ ನಿಂತು ಮೇಲೆ ಇರುವವನಿಗೆ ಇದು ಬಿಡು, ಅದು ತೆಗಿ ಎಂದು ಕೂಗಿ ಹೇಳಿಯೇ ಆ ಕೆಲಸ ಇವತ್ತಿಗೂ ಕೈಯಿಂದ ಕೈಗೆ ಹೋಗುತ್ತಿದೆ. ತಪ್ಪು ತನಗೇ ಕಾಣುವ ಕೆಲಸ ಕಾಗದದಲ್ಲಿ ಬರುತ್ತದೆ, ಕಾಣದ ಕೆಲಸಕ್ಕೆ ಇನ್ನೊಬ್ಬರ ಕಣ್ಣು ಬೇಕು. ಚಿತ್ರ ಬರೆಯುವುದು ಈ ಎರಡನೇ ಜಾತಿಗೆ ಸೇರಿದ್ದು. ಅದನ್ನು ದೂರದಿಂದ ಕಲಿಸಲು ಹೊರಟವರೆಲ್ಲ ಎಡವಿದ್ದು, ಗೆದ್ದದ್ದು ಈ ಒಂದೇ ಜಾಗದಲ್ಲಿ.

ಹಳೆಯ ಕ್ರಮದಲ್ಲಿ ಈ ತೊಡಕೇ ಇರಲಿಲ್ಲ, ಕಲಿಯುವವನು ಬಲ್ಲವನ ಪಕ್ಕದಲ್ಲೇ ಕೂರುತ್ತಿದ್ದ. ಗೋಣಿಬೀಡಿನಿಂದ ಬಸ್ಸು ಹತ್ತಿದರೆ ಸಿಗುವ ಬೇಲೂರಿನಲ್ಲಿ 1117ರಲ್ಲಿ ಪ್ರತಿಷ್ಠೆಯಾದ ಗುಡಿಗೆ ಬಳ್ಳಿಗಾವಿಯಿಂದ ಶಿಲ್ಪಿಗಳು ಬಂದಿದ್ದರು. ದಾಸೋಜ ಮತ್ತು ಅವನ ಮಗ ಚಾವಣರ ಹೆಸರು ಅಲ್ಲಿನ ಮದನಿಕೆಯರ ವಿಗ್ರಹಗಳ ಕೆಳಗೆ ಇದೆ. ವಿದ್ಯೆ ಬೇಕಾದ ಕಡೆಗೆ ವಿದ್ಯಾವಂತರೇ ನಡೆದು ಹೋದರು, ಮಗ ಅಪ್ಪನ ಉಳಿಯ ಪಕ್ಕದಲ್ಲೇ ಉಳಿ ಹಿಡಿದ. ಇಪ್ಪತ್ತನೇ ಶತಮಾನದ ಮೈಸೂರು ಸೀಮೆಯಲ್ಲಿ ಈ ಜಾಗವನ್ನು ಶಾಲೆಗಳು ತುಂಬಿದವು: ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ, ಬೆಂಗಳೂರಿನಲ್ಲಿ ಅ.ನ. ಸುಬ್ಬರಾಯರ ಕಲಾಮಂದಿರ, ಆಮೇಲೆ ಹಡಪದರ ಕೆನ್ ಶಾಲೆ, ನಂಜುಂಡರಾಯರು ಕಟ್ಟಿದ ಚಿತ್ರಕಲಾ ಪರಿಷತ್ತು. ಎಲ್ಲವೂ ನಗರದಲ್ಲಿ. ಹಳ್ಳಿಗಾಡಿನ ಮಕ್ಕಳಿಗೆ ಸಿಕ್ಕಿದ್ದು ಡ್ರಾಯಿಂಗ್ ಮೇಷ್ಟ್ರು ಇದ್ದರೆ ಅವರು, ಮತ್ತು ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆಗಳು. ಪರೀಕ್ಷೆ ಅಂಕ ಕೊಡುತ್ತದೆ, ತಿದ್ದುವುದಿಲ್ಲ. ಹೂಜಿಯ ಬಾಯಿ ಯಾಕೆ ಸೊಟ್ಟಗಾಯಿತು ಎಂದು ಯಾವ ಅಂಕಪಟ್ಟಿಯೂ ಹೇಳಿದ್ದಿಲ್ಲ.

ಆ ಖಾಲಿ ಜಾಗಕ್ಕೆ ಅಂಚೆ ಬಂತು. ಲಂಡನ್ನಿನಲ್ಲಿ ಪರ್ಸಿ ಬ್ರಾಡ್‌ಶಾ 1905ರಲ್ಲಿ ತೆರೆದ ಪ್ರೆಸ್ ಆರ್ಟ್ ಸ್ಕೂಲ್ ಪತ್ರಿಕೆಗಳಿಗೆ ಚಿತ್ರ ಬರೆಯುವುದನ್ನು ಟಪಾಲಿನಲ್ಲಿ ಕಲಿಸುತ್ತಿತ್ತು. ಅಮೆರಿಕದಲ್ಲಿ ಲ್ಯಾಂಡನ್ ಎಂಬಾತನ ಅಂಚೆಶಾಲೆ ವ್ಯಂಗ್ಯಚಿತ್ರಗಾರರ ಒಂದು ತಲೆಮಾರನ್ನೇ ಮುಟ್ಟಿತು. ಆರೆಗಾನ್ ಪ್ರಾಂತದ ರೈತರ ಮನೆಯ ಹುಡುಗ ಕಾರ್ಲ್ ಬಾರ್ಕ್ಸ್ ಅದಕ್ಕೆ ಸೇರಿ, ಹೊಲದ ಕೆಲಸದ ನಡುವೆ ಪುರುಸೊತ್ತು ಸಿಗದೆ ನಾಲ್ಕೇ ಪಾಠಕ್ಕೆ ಬಿಟ್ಟ. ಆತ 1935ರಲ್ಲಿ ಡಿಸ್ನಿ ಸ್ಟುಡಿಯೋ ಸೇರಿದ, ಮುಂದೆ ಅಂಕಲ್ ಸ್ಕ್ರೂಜ್ ಎಂಬ ಜಿಪುಣ ಬಾತುಕೋಳಿಯನ್ನು ಸೃಷ್ಟಿಸಿದ. ನಾಲ್ಕು ಪಾಠದಿಂದ ಅಷ್ಟು ದೂರ ಹೋದನೆಂದು ಯಾರಾದರೂ ಹೇಳಿದರೆ ನಂಬಬೇಡಿ. ಸ್ಟುಡಿಯೋದಲ್ಲಿ ಎರಡು ಮುಖ್ಯ ಚಿತ್ರಗಳ ನಡುವಿನ ಚಿತ್ರಗಳನ್ನು ತುಂಬುವ ಕೆಳಗಿನ ಮೆಟ್ಟಿಲಿನಿಂದ ಆತ ಶುರು ಮಾಡಿದ, ಅಲ್ಲಿ ದಿನಾ ತಿದ್ದುವವರಿದ್ದರು. ಚಾರ್ಲ್ಸ್ ಶುಲ್ಜ್‌ನದು ಇನ್ನೂ ಕುತೂಹಲದ ಕಥೆ. ಅವನು ಸೇರಿದ ಇನ್ನೊಂದು ಅಂಚೆಶಾಲೆಯಿದ್ದ ಮಿನಿಯಾಪೊಲಿಸ್ ಅವನೂರಿನ ಪಕ್ಕದ ಊರೇ, ಆದರೂ ಮುಖಾಮುಖಿ ಹೋಗಲು ಸಂಕೋಚಪಟ್ಟು 1940ರ ಸುಮಾರಿಗೆ ಪಾಠಗಳನ್ನು ಟಪಾಲಿಗೇ ಹಾಕುತ್ತಿದ್ದ. ಯುದ್ಧ ಮುಗಿದ ಮೇಲೆ ಅದೇ ಶಾಲೆಯಲ್ಲಿ ಬೇರೆಯವರ ಚಿತ್ರ ತಿದ್ದುವ ಕೆಲಸಕ್ಕೆ ಸೇರಿದ. ಅವನ ಪೀನಟ್ಸ್ ಚಿತ್ರಪಟ್ಟಿಯ ಚಾರ್ಲಿ ಬ್ರೌನ್ ಎಂಬ ಹೆಸರು ಅಲ್ಲಿನ ಸಹೋದ್ಯೋಗಿಯೊಬ್ಬನದು.

ಕನ್ನಡದಲ್ಲೂ ಇದಕ್ಕೆ ಒಳ್ಳೆಯ ಉದಾಹರಣೆ ಇದೆ, ನಾವು ಅದನ್ನು ಸಾಕಷ್ಟು ನೆನೆಯುವುದಿಲ್ಲ. ಚಂದಮಾಮದ ಮಹಾಭಾರತದ ಮುಖಪುಟಗಳನ್ನು ಬರೆದ ಎಂ.ಟಿ.ವಿ. ಆಚಾರ್ಯರು ಮದರಾಸಿನಿಂದ ಬೆಂಗಳೂರಿಗೆ ಮರಳಿದ ಮೇಲೆ ಆಚಾರ್ಯ ಚಿತ್ರಕಲಾ ಭವನದ ಮೂಲಕ ಅಂಚೆಯಲ್ಲಿ ಚಿತ್ರಕಲೆ ಕಲಿಸಿದರು. ಚಿತ್ರಶಾಲೆ ಇಲ್ಲದ ಊರುಗಳಲ್ಲಿದ್ದವರಿಗೆ ಅದು ನಗರಕ್ಕೆ ಹೋಗದೆ ತೆರೆದುಕೊಂಡ ಬಾಗಿಲು. ಆನ್‌ಲೈನಿನಲ್ಲಿ ಚಿತ್ರ ಬರುವುದೇ ಇಲ್ಲ ಎಂದು ಹಟ ಹಿಡಿಯುವವರು ಈ ಪ್ರಯತ್ನಕ್ಕೆ ಉತ್ತರ ಕೊಡಬೇಕಾಗುತ್ತದೆ.

ಹಾಗಾದರೆ ಅಂಚೆಶಾಲೆಗಳ ಹೆಸರು ಕೆಟ್ಟದ್ದು ಹೇಗೆ? ದುಡ್ಡಿನ ಲೆಕ್ಕದಿಂದ. ನಾರ್ಮನ್ ರಾಕ್‌ವೆಲ್‌ನಂಥ ಪ್ರಖ್ಯಾತರ ಹೆಸರು ಮುಂದಿಟ್ಟು 1948ರಲ್ಲಿ ಕನೆಕ್ಟಿಕಟ್‌ನಲ್ಲಿ ಶುರುವಾದ ಫೇಮಸ್ ಆರ್ಟಿಸ್ಟ್ಸ್ ಸ್ಕೂಲಿನ ತಿದ್ದುವ ಕ್ರಮ ನಿಜಕ್ಕೂ ಚೆನ್ನಾಗಿತ್ತು: ವಿದ್ಯಾರ್ಥಿಯ ಚಿತ್ರದ ಮೇಲೆ ತೆಳುವಾದ ಪಾರದರ್ಶಕ ಹಾಳೆ ಇಟ್ಟು, ಅದರ ಮೇಲೆ ಸರಿಯಾದ ಗೆರೆ ಎಳೆದು ವಾಪಸ್ ಕಳಿಸುತ್ತಿದ್ದರು. ಎಳೆಯುತ್ತಿದ್ದವರು ರಾಕ್‌ವೆಲ್ ಅಲ್ಲ, ಸಂಬಳದ ಸಾಧಾರಣ ಚಿತ್ರಗಾರರು. ಅದೂ ದೊಡ್ಡ ತಪ್ಪೇನಲ್ಲ. ಅದೇ ಕಂಪನಿ ಮುಂದೆ ಬರವಣಿಗೆಯ ಅಂಚೆಶಾಲೆಯನ್ನೂ ತೆರೆಯಿತು. 1970ರಲ್ಲಿ ಜೆಸ್ಸಿಕಾ ಮಿಟ್‌ಫರ್ಡ್ ಎಂಬ ಲೇಖಕಿ ಅದರ ಒಳಗನ್ನು ಬಿಚ್ಚಿಟ್ಟರು. ಸೇರುವಾಗಲೇ ಇಡೀ ಕೋರ್ಸಿನ ಹಣಕ್ಕೆ ಕರಾರು, ಆಮೇಲೆ ಬಹುಪಾಲು ಜನ ಅರ್ಧಕ್ಕೇ ಬಿಡುವುದು, ಬಿಟ್ಟವರ ಕೆಲಸ ತಿದ್ದುವ ಖರ್ಚು ಇಲ್ಲದೇ ಹೋಗುವುದು. ಲಾಭ ನಿಂತಿದ್ದು ಕಲಿತವರ ಮೇಲಲ್ಲ, ಬಿಟ್ಟವರ ಮೇಲೆ. ಎರಡು ವರ್ಷದೊಳಗೆ ಕಂಪನಿ ದಿವಾಳಿ ಎದ್ದಿತು. ಇವತ್ತು ಗೋಣಿಬೀಡಿನ ಮನೆಗೆ ಫೋನು ಮಾಡಿ, ಇವತ್ತೇ ಕಟ್ಟಿದರೆ ಅರ್ಧ ಫೀಸು, ಉಳಿದದ್ದಕ್ಕೆ ಇಎಂಐ ಎನ್ನುವ ಕೌನ್ಸೆಲರ್ ಯಾವ ಲೆಕ್ಕದಿಂದ ಹಾಗೆ ಅವಸರ ಮಾಡುತ್ತಾನೆ ಎಂಬುದು ತಿಳಿಯಬೇಕಾದರೆ ಐವತ್ತು ವರ್ಷದ ಹಿಂದಿನ ಈ ಕಥೆ ಸಾಕು.

ಅನಿಮೇಷನ್ ಈ ದೇಶಕ್ಕೆ ಬಂದ ಬಗೆಯೂ ಇದೇ ಮಾತನ್ನು ಹೇಳುತ್ತದೆ. ಸರ್ಕಾರದ ಫಿಲ್ಮ್ಸ್ ಡಿವಿಷನ್ 1956ರಲ್ಲಿ ಕಾರ್ಟೂನ್ ವಿಭಾಗ ಶುರು ಮಾಡಿದಾಗ ಅಮೆರಿಕದ ನೆರವಿನಲ್ಲಿ ತರಿಸಿದ್ದು ಬರೀ ಯಂತ್ರ ಮತ್ತು ಪುಸ್ತಕಗಳನ್ನಲ್ಲ. ಡಿಸ್ನಿಯಲ್ಲಿ ಕೆಲಸ ಮಾಡಿದ್ದ ಕ್ಲೇರ್ ವೀಕ್ಸ್ ಎಂಬ ಮನುಷ್ಯನನ್ನೇ ಮುಂಬೈಗೆ ಕರೆಸಿದರು. ಆತನ ಕೈಕೆಳಗೆ ರಾಮ್ ಮೋಹನ್ ಮೊದಲಾದ ತರುಣರು ಕೂತು ಬರೆದು, ತಿದ್ದಿಸಿಕೊಂಡು, 1957ರಲ್ಲಿ ಜಾತಕ ಕಥೆಯೊಂದನ್ನು ಚಿತ್ರ ಮಾಡಿದರು. ದೇಶದ ಅನಿಮೇಷನ್ ವೃತ್ತಿಯ ದೊಡ್ಡ ಬೇರು ಆ ಕೋಣೆಯಲ್ಲಿದೆ. 1990ರ ದಶಕದಲ್ಲಿ ಕಂಪ್ಯೂಟರ್ ಬಂದ ಮೇಲೆ ಆ ಕೋಣೆಯನ್ನು ಸಾವಿರ ಪಾಲು ಮಾಡಿ ಹಂಚಲು ಹೊರಟರು. ಅರೀನಾ ಎಂಬ ತರಬೇತಿ ಸಂಸ್ಥೆ 1996ರಲ್ಲಿ, ಮಾಕ್ ಎಂಬುದು 2001ರಲ್ಲಿ ಶುರುವಾಗಿ, ಊರೂರಲ್ಲಿ ಫ್ರಾಂಚೈಸಿ ಕೇಂದ್ರಗಳು ಎದ್ದವು. ಇಂಥ ಕೇಂದ್ರ ಒಳ್ಳೆಯದೋ ಕೆಟ್ಟದೋ ಎಂಬುದನ್ನು ಒಟ್ಟಾರೆ ಹೇಳಲಾಗದು. ಒಂದು ಮಾತ್ರ ನಿಜ, ಸಾಫ್ಟ್‌ವೇರಿನ ಗುಂಡಿ ಒತ್ತುವುದನ್ನು ಕಲಿಸುವವರು ಸುಲಭಕ್ಕೆ ಸಿಗುತ್ತಾರೆ, ಚಲನೆಯನ್ನು ತಿದ್ದಬಲ್ಲವರು ಸಿಗುವುದಿಲ್ಲ.

ಚಲನೆ ತಿದ್ದುವುದೆಂದರೇನು ಎಂಬುದನ್ನು ಹತ್ತಿರದಿಂದ ನೋಡಬೇಕು. ಅನಿಮೇಷನ್ ಶಾಲೆಗಳಲ್ಲಿ ಸಾಮಾನ್ಯವಾಗಿ ಮೊದಲು ಕೊಡುವ ಅಭ್ಯಾಸ ಪುಟಿಯುವ ಚೆಂಡು. ಸೆಕೆಂಡಿಗೆ 24 ಫ್ರೇಮು. ಹೊಸಬ ಚೆಂಡನ್ನು ಮೇಲಿನಿಂದ ಕೆಳಗೆ ತರುವಾಗ ಪ್ರತಿ ಫ್ರೇಮಿಗೂ ಒಂದೇ ಅಂತರ ಇಡುತ್ತಾನೆ. ಓಡಿಸಿ ನೋಡಿದರೆ ಚೆಂಡು ಬೀಳುವುದಿಲ್ಲ, ಹಗ್ಗ ಕಟ್ಟಿ ಇಳಿಸಿದಂತೆ ಇಳಿಯುತ್ತದೆ. ಏನೋ ಸರಿಯಿಲ್ಲ ಎಂದು ಅವನಿಗೂ ಅನ್ನಿಸುತ್ತದೆ, ಏನು ಎಂದು ಗೊತ್ತಾಗುವುದಿಲ್ಲ. ಆಗ ಸ್ಪೀಡು ಹೆಚ್ಚಿಸುತ್ತಾನೆ, ಬಣ್ಣ ಹಾಕುತ್ತಾನೆ, ನೆರಳು ಕೊಡುತ್ತಾನೆ. ತಿದ್ದುವವರು ಅದೇ ಫ್ರೇಮುಗಳ ಮೇಲೆ ಕೆಂಪು ಗೆರೆಯಲ್ಲಿ ಹೊಸ ಚೆಂಡುಗಳನ್ನು ಬರೆಯುತ್ತಾರೆ: ಮೇಲ್ತುದಿಯಲ್ಲಿ ಒತ್ತೊತ್ತಾಗಿ, ಕೆಳಗೆ ಬಂದಷ್ಟೂ ದೂರ ದೂರ. ನೆಲ ಮುಟ್ಟುವ ಮುಂಚಿನ ಫ್ರೇಮಿನಲ್ಲಿ ಹುಡುಗ ಚೆಂಡನ್ನು ಚಪ್ಪಟೆ ಮಾಡಿರುತ್ತಾನೆ. ಅವರು ಅಲ್ಲಿ ಅದನ್ನು ಉದ್ದ ಎಳೆದು, ಮುಟ್ಟಿದ ಫ್ರೇಮಿನಲ್ಲಿ ಮಾತ್ರ ಚಪ್ಪಟೆ ಮಾಡುತ್ತಾರೆ. ಒಂದು ಫ್ರೇಮು, ಅಂದರೆ ಸೆಕೆಂಡಿನ ಇಪ್ಪತ್ತನಾಲ್ಕನೇ ಒಂದು ಪಾಲು, ಆಚೀಚೆ ಆದದ್ದಕ್ಕೆ ಚೆಂಡಿನ ತೂಕವೇ ಹೋಗಿತ್ತು. ಇಂಥ ಗೆರೆಗಳಿಗೆ ಭಾಷೆಯ ಹಂಗಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇಂಗ್ಲಿಷ್ ಉಪನ್ಯಾಸಕ್ಕಿಂತ ಇದು ಬೇಗ ಅರ್ಥವಾಗುತ್ತದೆ ಎಂಬುದನ್ನು ಪ್ರಾಸ್ಪೆಕ್ಟಸ್ ಬರೆಯುವವರು ಮರೆಯುತ್ತಾರೆ.

2005ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಾಬಿ ಬೆಕ್, ಶಾನ್ ಕೆಲ್ಲಿ, ಕಾರ್ಲೋಸ್ ಬಾಯೇನಾ ಎಂಬ ಮೂವರು ಅನಿಮೇಟರುಗಳು ಅನಿಮೇಷನ್ ಮೆಂಟರ್ ಎಂಬ ಆನ್‌ಲೈನ್ ಶಾಲೆ ತೆರೆದಾಗ ಮಾಡಿದ ಹೊಸತು ಇದಿಷ್ಟೇ. ಸ್ಟುಡಿಯೋಗಳಲ್ಲಿ ಕೆಲಸ ಮಾಡುತ್ತಿರುವವರೇ ವಾರ ವಾರ ವಿದ್ಯಾರ್ಥಿಯ ಕೆಲಸ ನೋಡಿ, ಅದರ ಮೇಲೇ ಗೆರೆ ಎಳೆಯುತ್ತಾ ಮಾತಾಡಿ, ಆ ವಿಡಿಯೋ ವಾಪಸ್ ಕಳಿಸುವುದು. ಪಾರದರ್ಶಕ ಹಾಳೆ ಪರದೆಯ ಮೇಲೆ ಬಂತು, ಅಂಚೆಗೆ ವಾರಗಟ್ಟಲೆ ಹಿಡಿಯುತ್ತಿದ್ದುದು ದಿನಗಳಿಗೆ ಇಳಿಯಿತು. ಅದರ ಮಾದರಿ ಹಿಡಿದು ಬಂದ ಶಾಲೆಗಳಲ್ಲಿ ಎಷ್ಟೋ, ವಿಡಿಯೋ ಪಾಠವನ್ನು ಉಳಿಸಿಕೊಂಡು ತಿದ್ದುವವರನ್ನು ಬಿಟ್ಟವು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

ಇಲ್ಲಿ ಬುದ್ಧಿವಂತ ಹುಡುಗರು ಒಂದು ಆಕ್ಷೇಪ ಎತ್ತುತ್ತಾರೆ, ಅದರಲ್ಲಿ ಹುರುಳಿದೆ. ಬ್ಲೆಂಡರ್ ಸಾಫ್ಟ್‌ವೇರು 2002ರಿಂದ ಎಲ್ಲರಿಗೂ ಮುಕ್ತ. ಅದರಲ್ಲೇ ಮಾಡಿದ ಲಾಟ್ವಿಯಾದ 'ಫ್ಲೋ' 2025ರಲ್ಲಿ ಆಸ್ಕರ್ ಗೆದ್ದಿತು. ಪಾಠಗಳು ಯೂಟ್ಯೂಬಿನಲ್ಲಿ ರಾಶಿ ಬಿದ್ದಿವೆ. ವಾಲ್ಟ್ ಡಿಸ್ನಿಯೇ ಕಾನ್ಸಾಸ್ ಸಿಟಿಯ ಲೈಬ್ರರಿಯಿಂದ ತಂದ, ಅನಿಮೇಷನ್ ಕುರಿತ ಲುಟ್ಜ್‌ನ ಪುಸ್ತಕ ಓದಿ ಶುರು ಮಾಡಿದ. ಶಾಲೆ ಯಾಕೆ ಬೇಕು? ಅದೂ ನಮ್ಮ ಮೂಡಿಗೆರೆಯಲ್ಲೇ ಲೇಖಕ ತೇಜಸ್ವಿ ಇರಲಿಲ್ಲವೇ? ಕಾಫಿ ತೋಟದಲ್ಲಿ ಕೂತು ಫೋಟೋಗ್ರಫಿ, ಚಿತ್ರಕಲೆ, ಕಂಪ್ಯೂಟರು ಎಲ್ಲ ತಾವೇ ಹಚ್ಚಿಕೊಂಡು, ಕನ್ನಡ ತಂತ್ರಾಂಶಕ್ಕಾಗಿ ಕೊನೆಯವರೆಗೂ ಜಗಳವಾಡಿದವರು. ಒಪ್ಪತಕ್ಕ ಮಾತೇ. ಆದರೆ ಈ ಉದಾಹರಣೆಗಳನ್ನು ಪೂರ್ತಿ ನೋಡಬೇಕು. ಡಿಸ್ನಿಯ ಪಕ್ಕದಲ್ಲಿ ಅವನಿಗಿಂತ ಚೆನ್ನಾಗಿ ಬರೆಯುವ ಅಬ್ ಐವರ್ಕ್ಸ್ ಇದ್ದ. ತೇಜಸ್ವಿಯವರಿಗೆ ಮೈಸೂರಿನ ದಿನಗಳಿಂದ ಕಡಿದಾಳು ಶಾಮಣ್ಣ, ಶ್ರೀರಾಮ್‌ರಂಥ ಗೆಳೆಯರ ಬಳಗವಿತ್ತು, ಮಾಡಿದ್ದನ್ನು ಮುಖಸ್ತುತಿ ಇಲ್ಲದೆ ನೋಡುವವರು. ಒಂಟಿಯಾಗಿ ಕಲಿತವರು ಎಂದು ನಾವು ಹೇಳುವವರಲ್ಲಿ ಹೆಚ್ಚಿನವರು ಶಾಲೆಯನ್ನು ಬಿಟ್ಟವರೇ ಹೊರತು ತಿದ್ದುವವರನ್ನು ಬಿಟ್ಟವರಲ್ಲ. ಹಾಗಾಗಿ ಈ ಆಕ್ಷೇಪದಿಂದ ಹೊರಡುವ ಸರಿಯಾದ ತೀರ್ಮಾನ ಏನೆಂದರೆ, ಪಾಠಕ್ಕೆ ದುಡ್ಡು ಕೊಡುವುದು ಇವತ್ತು ದಂಡ. ದುಡ್ಡು ಕೊಡುವುದಿದ್ದರೆ ತಿದ್ದುವುದಕ್ಕೆ ಕೊಡಬೇಕು. ವಾರಕ್ಕೆ ಎಷ್ಟು ಸಲ, ಯಾರು, ಎಷ್ಟು ಜನರ ಕೆಲಸವನ್ನು ನೋಡುತ್ತಾರೆ, ಅವರು ಮಾಡಿದ ಸಿನಿಮಾ ಯಾವುದು ಎಂದು ಕೇಳಿದರೆ ಶಾಲೆಯ ಬಂಡವಾಳ ಹತ್ತು ನಿಮಿಷದಲ್ಲಿ ಬಯಲಾಗುತ್ತದೆ.

ಸರ್ಟಿಫಿಕೇಟಿನ ವಿಷಯ ಬೇಗ ಮುಗಿಸಬಹುದು. ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ಮತ್ತು ತೆರಪಿನ ಶಿಕ್ಷಣ 1969ರಿಂದ, ಅದರ ಮುಂದುವರಿಕೆಯಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ 1996ರಿಂದ, ಕಾಲೇಜಿಗೆ ಹೋಗಲಾಗದ ಎಷ್ಟೋ ಗುಮಾಸ್ತರಿಗೆ, ಮೇಷ್ಟ್ರುಗಳಿಗೆ, ಮನೆವಾರ್ತೆಯ ಹೆಂಗಸರಿಗೆ ಪದವಿ ಕೊಟ್ಟಿವೆ. ಆ ಉಪಕಾರ ದೊಡ್ಡದು. ಅದೇ ಮುಕ್ತ ವಿಶ್ವವಿದ್ಯಾನಿಲಯ ಖಾಸಗಿ ಸಂಸ್ಥೆಗಳ ಜೊತೆಗೂಡಿ, ರಾಜ್ಯದ ಗಡಿ ದಾಟಿ ಕೋರ್ಸು ನಡೆಸಿದಾಗ, 2012–13ರ ಆಚೆಗೆ ಮಾನ್ಯತೆ ಇಲ್ಲವೆಂದು ಯುಜಿಸಿ 2015ರಲ್ಲಿ ಪ್ರಕಟಿಸಿತು. 2018ರಲ್ಲಿ ಮತ್ತೆ ಮಾನ್ಯತೆ ಸಿಗುವವರೆಗೆ ವಿದ್ಯಾರ್ಥಿಗಳು ಒದ್ದಾಡಿದರು. ಸರ್ಕಾರಿ ಕೆಲಸಕ್ಕೆ ಹಾಕುವವರು ಮಾನ್ಯತೆಯನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಲೇಬೇಕು. ಅನಿಮೇಷನ್ ಸ್ಟುಡಿಯೋ ಮಾತ್ರ ಮೊದಲು ಮಾಡಿದ ಕೆಲಸದ ತುಣುಕುಗಳ ಶೋರೀಲ್ ಕೇಳುತ್ತದೆ, ಅಂಕಪಟ್ಟಿಯನ್ನಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಕರೆಂಟು ಮತ್ತು ನೆಟ್‌ವರ್ಕಿನದು. ಕೊರೊನಾ ಕಾಲದಲ್ಲಿ ಮಲೆನಾಡಿನ ಮಕ್ಕಳು ಸಿಗ್ನಲ್ಲಿಗಾಗಿ ಗುಡ್ಡ ಹತ್ತಿ, ಟಾರ್ಪಾಲಿನ ಕೆಳಗೆ ಕೂತು ಪಾಠ ಕೇಳಿದ ಚಿತ್ರಗಳನ್ನು ನಾಡೇ ನೋಡಿದೆ. 2021ರಲ್ಲಿ ಶಿವಮೊಗ್ಗ ಜಿಲ್ಲೆಯ ಹಳ್ಳಿಗಳಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಓಟಿಲ್ಲ ಎಂಬ ಚಳವಳಿಯೇ ಎದ್ದಿತು. ಸರ್ಕಾರ ಕೂಡ 2020ರ ಆಗಸ್ಟಿನಲ್ಲಿ ವಿದ್ಯಾಗಮ ಎಂದು ಮೇಷ್ಟ್ರುಗಳನ್ನೇ ಮಕ್ಕಳ ಬಳಿಗೆ ಕಳಿಸಿತು, ಸೋಂಕು ಹರಡಿ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು ಎಂಬುದು ಬೇರೆ. ಮುಂಗಾರು ಹಿಡಿದು ಮರ ಬಿದ್ದರೆ ಮೂಡಿಗೆರೆ ಸೀಮೆಯಲ್ಲಿ ಕರೆಂಟು ಯಾವಾಗ ಬರುತ್ತದೆಂದು ಲೈನ್‌ಮನ್‌ಗೂ ಗೊತ್ತಿರುವುದಿಲ್ಲ. ಆದರೆ ಇದು ನೇರ ತರಗತಿಗೆ ಎದುರಾಗುವ ತೊಂದರೆ. ತಿದ್ದುವುದಕ್ಕೆ ಇಬ್ಬರೂ ಒಂದೇ ಗಳಿಗೆಯಲ್ಲಿ ಪರದೆಯ ಮುಂದೆ ಇರಬೇಕಾಗಿಲ್ಲ. ಕೆಲಸವನ್ನು ಸಿಗ್ನಲ್ ಸಿಕ್ಕಾಗ ಕಳಿಸಿ, ತಿದ್ದಿದ್ದನ್ನು ಸಿಗ್ನಲ್ ಸಿಕ್ಕಾಗ ಇಳಿಸಿಕೊಂಡರೆ ಸಾಕು. ಅಂಚೆಶಾಲೆ ನಡೆದದ್ದೇ ಹಾಗೆ. ಮಳೆಗಾಲದ ಊರಿನವರಿಗೆ ಲೈವ್ ಕ್ಲಾಸಿನ ಆಕರ್ಷಣೆಗಿಂತ ನಿಧಾನದ ಈ ಹಳೆಯ ಕ್ರಮವೇ ಹೆಚ್ಚು ಒಗ್ಗುತ್ತದೆ.

ಕೊನೆಗೆ ಕೆಲಸದ ಮಾತು. ಕರ್ನಾಟಕ ಅನಿಮೇಷನ್, ಗೇಮಿಂಗ್ ಉದ್ಯಮಕ್ಕೆಂದೇ 2012ರಲ್ಲಿ ನೀತಿ ತಂದ ರಾಜ್ಯ. ಈಗ ನಡೆಯುತ್ತಿರುವುದು 2024–29ರ ಮೂರನೆಯದು. ಇಷ್ಟಾದರೂ 2025ರ ಫೆಬ್ರುವರಿಯಲ್ಲಿ ಟೆಕ್ನಿಕಲರ್ ಸಂಸ್ಥೆ ಕುಸಿದಾಗ ಬೆಂಗಳೂರಿನ ಅದರ ಸ್ಟುಡಿಯೋ ಬಾಗಿಲು ಹಾಕಿತು, ಕಸುಬು ಬಲ್ಲವರೇ ಬೀದಿಗೆ ಬಂದರು. ಇದನ್ನು ತೋರಿಸಿ, ಈ ಸಹವಾಸವೇ ಬೇಡ, ಮೂಡಿಗೆರೆಯಲ್ಲೇ ತೋಟಗಾರಿಕೆ ಕಾಲೇಜಿದೆಯಲ್ಲ ಎಂದು ಮನೆಯವರು ಹೇಳಿದರೆ ತಪ್ಪು ಹಿಡಿಯಲಾಗದು. ಆದರೆ ಇನ್ನೊಂದು ಸಂಗತಿಯೂ ಇದೆ. ನಮ್ಮ ಗೋವಿನ ಕಥೆಯನ್ನೇ ಹಿಡಿದು ಬೆಂಗಳೂರಿನ ರವಿಶಂಕರ್ ಅವರು ಮಾಡಿದ ಸಂಸ್ಕೃತ ಅನಿಮೇಷನ್ ಚಿತ್ರ 'ಪುಣ್ಯಕೋಟಿ', 2020ರಲ್ಲಿ ನೆಟ್‌ಫ್ಲಿಕ್ಸಿಗೆ ಬಂದದ್ದು, ಒಂದೇ ಸ್ಟುಡಿಯೋದಲ್ಲಿ ಆದದ್ದಲ್ಲ. ಬೇರೆ ಬೇರೆ ಊರುಗಳಲ್ಲಿದ್ದ ಕಲಾವಿದರು ತಂತಮ್ಮ ಜಾಗದಲ್ಲೇ ಕೂತು ಮಾಡಿದ್ದು. ಕೆಲಸ ಹಂಚಿಹೋಗಬಲ್ಲದು ಎಂದಾದ ಮೇಲೆ ತಿದ್ದುವವರೂ ಹಂಚಿಹೋಗಬಹುದು. ಕಾಫಿ ಮಂಡಳಿ ಬರೀ ಕರಪತ್ರ ಅಚ್ಚು ಹಾಕಿ ಕೂರಲಿಲ್ಲ, ತೋಟಕ್ಕೆ ಬಂದು ಗಿಡ ನೋಡುವ ಅಧಿಕಾರಿಗಳನ್ನೂ ಇಟ್ಟಿತು. ಅನಿಮೇಷನ್ ನೀತಿಯ ಹಣದಲ್ಲಿ ಒಂದು ಪಾಲು ಹಾಗೆ ಚಿಕ್ಕಮಗಳೂರಿಗೆ ಬಂದು, ಸ್ಟುಡಿಯೋದಲ್ಲಿ ಪಳಗಿದ ಒಬ್ಬರು ತಿಂಗಳಿಗೆರಡು ಶನಿವಾರ ಜಿಲ್ಲೆಯ ಮಕ್ಕಳ ಫ್ರೇಮುಗಳ ಮೇಲೆ ಕೆಂಪು ಗೆರೆ ಎಳೆಯುವಂತಾದರೆ, ಯಾವ ಆನ್‌ಲೈನ್ ಶಾಲೆ ಸೇರಬೇಕು ಎಂಬ 40 ಸಾವಿರ, ಒಂದು ಲಕ್ಷದ ಪ್ರಶ್ನೆಯ ಭಾರವೂ ಗೋಣಿಬೀಡಿನ ಮನೆಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಅಲ್ಲಿಯವರೆಗೆ ಫೀಸು ಕಟ್ಟುವ ಮೊದಲು ಒಂದು ಪುಟಿಯುವ ಚೆಂಡನ್ನು ಶಾಲೆಗೆ ಕಳಿಸಿ, ಅದು ಯಾವ ಗೆರೆಗಳೊಂದಿಗೆ ಎಷ್ಟು ದಿನಕ್ಕೆ ವಾಪಸ್ ಬರುತ್ತದೆಂದು ಕಾಯುವುದು ಅವರ ಕೈಲೇ ಇದೆ.